ಅವಳಿ ಮಕ್ಕಳ ಹಾಲು-ಊಟ: ಕುಡಿಸುವುದು ಒಟ್ಟಿಗೆ, ಲೆಕ್ಕ ಬೇರೆ ಬೇರೆ

ಕೊಯಮತ್ತೂರು: ಒಂದು ಕೂಸು ಹುಟ್ಟಿದ ಮನೆಯಲ್ಲಿ ಗಡಿಯಾರ ಕೂಸಿನ ಕೈಗೆ ಹೋಗುತ್ತದೆ. ಅವಳಿ ಹುಟ್ಟಿದರೆ ಎರಡು ಗಡಿಯಾರ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬ ಕುಡಿದು ಮಲಗಿದ ಎನ್ನುವಷ್ಟರಲ್ಲಿ ಇನ್ನೊಬ್ಬಳು ಎದ್ದಿರುತ್ತಾಳೆ. ಬಾಣಂತಿ ಕಣ್ಣು ಮುಚ್ಚುವುದು ಯಾವಾಗ?

ಲೆಕ್ಕ ಹಾಕಿ ನೋಡೋಣ. ಹೊಸದಾಗಿ ಹುಟ್ಟಿದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯಬೇಕು. ಎಂಟೇ ಎಂದಿಟ್ಟುಕೊಂಡರೂ ಇಬ್ಬರಿಗೆ 16 ಸಲ. ಎತ್ತಿಕೊಂಡು, ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸಲು ಒಂದು ಸಲಕ್ಕೆ 40 ನಿಮಿಷ ಹಿಡಿದರೆ ಒಟ್ಟು 640 ನಿಮಿಷ, ಅಂದರೆ ಹತ್ತೂವರೆ ಗಂಟೆಗೂ ಹೆಚ್ಚು. ಇಬ್ಬರಿಗೂ ಒಂದೇ ಹೊತ್ತಿಗೆ ಕುಡಿಸಿದರೆ, ಸಲಕ್ಕೆ 50 ನಿಮಿಷ ಆದರೂ 400 ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ಗಂಟೆ ತಾಯಿಯ ನಿದ್ದೆಗೆ. ಅದಕ್ಕೇ ಅವಳಿ ಮನೆಯ ಮೊದಲ ನಿಯಮ: ಒಬ್ಬರು ಎದ್ದರೆ ಇನ್ನೊಬ್ಬರನ್ನೂ ಎಬ್ಬಿಸಿ. 'ಮಲಗಿರುವ ಕೂಸನ್ನು ಎಬ್ಬಿಸಬಾರದು' ಎಂದು ಅಜ್ಜಿಯರು ಹೇಳುತ್ತಾರೆ. ಆ ಮಾತು ತೂಕ ಕಡಿಮೆ ಇರುವ ಅವಳಿಗೆ ಅನ್ವಯಿಸುವುದಿಲ್ಲ. ಮೊದಲ ವಾರಗಳಲ್ಲಿ ಹಗಲಾಗಲಿ ರಾತ್ರಿಯಾಗಲಿ ಮೂರು ಗಂಟೆಗಿಂತ ಹೆಚ್ಚು ಅಂತರ ಬಿಡಬಾರದು.

ಇಬ್ಬರನ್ನೂ ಒಟ್ಟಿಗೆ ಹಿಡಿಯುವುದು ಹೇಗೆ ಎಂಬ ಭಯ ಎಲ್ಲರಿಗೂ ಇದೆ. ನೀರಿನ ಕೊಡವನ್ನು ಸೊಂಟಕ್ಕಿಟ್ಟು ಕೈಯಿಂದ ಬಳಸಿ ಹಿಡಿಯುವುದನ್ನು ನೆನೆಸಿಕೊಳ್ಳಿ. ಹಾಗೆಯೇ ಎರಡು ಪಕ್ಕದಲ್ಲೂ ತಲೆದಿಂಬು ಇಟ್ಟು, ಮಕ್ಕಳ ಮೈ ತಾಯಿಯ ಕಂಕುಳಡಿ ಬರುವಂತೆ, ಕಾಲುಗಳು ಬೆನ್ನಿನ ಕಡೆಗೆ ಹೋಗುವಂತೆ, ತಲೆ ಅಂಗೈಯಲ್ಲಿ ನಿಲ್ಲುವಂತೆ ಮಲಗಿಸಬೇಕು. ಸಿಸೇರಿಯನ್ ಆಗಿದ್ದರೆ ಈ ಭಂಗಿಯಲ್ಲಿ ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಮೊದಲ ದಿನಗಳಲ್ಲಿ ಎರಡನೆಯ ಮಗುವನ್ನು ಎತ್ತಿಕೊಡಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹಳಷ್ಟು ಒಳಗೆ ಹೋಗಬೇಕು. ನೋವಾದರೆ ಹಿಡಿತ ಸರಿಯಿಲ್ಲ ಎಂದೇ ಅರ್ಥ. ಬಿಡಿಸಿ ಮತ್ತೆ ಹಿಡಿಸಿ. ಎಡಕ್ಕೆ ಇದ್ದವರನ್ನು ಮುಂದಿನ ಸಲ ಬಲಕ್ಕೆ ಹಾಕಿ. ಜೋರಾಗಿ ಚೀಪುವ ಮಗು ಒಂದೇ ಕಡೆ ಕುಡಿದರೆ ಆ ಕಡೆ ಮಾತ್ರ ಹಾಲು ಹೆಚ್ಚುತ್ತದೆ, ಮೆತ್ತಗಿರುವ ಮಗುವಿಗೆ ಕಡಿಮೆ ಹಾಲಿನ ಕಡೆಯೇ ಗಟ್ಟಿಯಾಗುತ್ತದೆ.

ಮುಖ್ಯವಾದ ಮಾತು ಇಲ್ಲಿಂದ ಶುರು. 'ಅಳುದ ಪಿಳ್ಳೈ ಪಾಲ್ ಕುಡಿಕ್ಕುಂ' ಎಂದು ತಮಿಳಿನಲ್ಲಿ ಗಾದೆ ಇದೆ. ನಮ್ಮ ಮನೆಮಾತಿನಲ್ಲೂ 'ಅಳದಿದ್ದರೆ ತಾಯಿಯೂ ಹಾಲು ಕೊಡಳು' ಎನ್ನುತ್ತೇವೆ. ಅವಳಿ ಮನೆಯಲ್ಲಿ ಈ ಗಾದೆಯನ್ನು ನಂಬಿದರೆ ಅಪಾಯ. ಗಟ್ಟಿ ಮಗು ಅತ್ತು ತನ್ನ ಪಾಲು ಪಡೆಯುತ್ತದೆ. ತೂಕ ಕಡಿಮೆ ಇರುವುದು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿರುತ್ತದೆ. ಮನೆಯವರು 'ಇವಳು ಬಲು ಸಾಧು, ತೊಂದರೆಯೇ ಕೊಡುವುದಿಲ್ಲ' ಎಂದು ಹೊಗಳುತ್ತಾರೆ. ಎರಡು ವಾರದ ನಂತರ ತೂಕ ಹಾಕಿದಾಗ ಸಾಧುವಿನ ಕಥೆ ಗೊತ್ತಾಗುತ್ತದೆ. ಮಲಗೇ ಇರುವ ಮಗುವಿನ ಅಂಗಾಲು ಉಜ್ಜಿ, ಹೊದಿಕೆ ಸಡಿಲಿಸಿ, ಎಬ್ಬಿಸಿ ಕುಡಿಸಬೇಕು. ಅದಕ್ಕೂ ಏಳದಿದ್ದರೆ, ಕುಡಿಯಲು ಒಲ್ಲದಿದ್ದರೆ, ಮೈ ತಣ್ಣಗಾಗಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಅಂಗೈ ಅಂಗಾಲು ಹಳದಿಯಾಗಿದ್ದರೆ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡುವುದೇ ಸರಿ.

ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಲೆಕ್ಕ ಬೇಕು. ಇದಕ್ಕೆ ದೊಡ್ಡ ಪುಸ್ತಕ ಬೇಡ. ನಮ್ಮ ಎಲ್ಲರ ಮನೆಯ ಗೋಡೆಯಲ್ಲೂ ತಮಿಳು ದಿನಸರಿ ಕ್ಯಾಲೆಂಡರ್ ಇರುತ್ತದೆ. ದಿನಕ್ಕೊಂದು ಹಾಳೆ ಹರಿದು ಬಿಸಾಡುತ್ತೇವೆ. ಅದರ ಬೆನ್ನಿಗೆ ನಡುವೆ ಒಂದು ಗೆರೆ ಎಳೆದು, ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಹಾಲು ಕುಡಿದದ್ದು, ಉಚ್ಚೆ, ಕಕ್ಕ, ಮೂರಕ್ಕೂ ಒಂದೊಂದು ಗುರುತು. ನಡುರಾತ್ರಿ ಎರಡು ಗಂಟೆಗೆ 'ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ' ಎಂದು ಯಾರಿಗೂ ನೆನಪಿರುವುದಿಲ್ಲ. ಇಬ್ಬರೂ ಒಂದೇ ಅಚ್ಚಾದರೆ ಒಬ್ಬರ ಕಾಲಿಗೆ ಸಡಿಲವಾದ ಕಪ್ಪು ದಾರ ಸಾಕು, ದೃಷ್ಟಿಗೂ ಆಯಿತು. ಮೊದಲ ವಾರ ಕಳೆದ ಮೇಲೆ ಪ್ರತಿ ಮಗುವೂ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದ ಮೇಲೆ ಸ್ವಲ್ಪ ಇಳಿಯುವ ತೂಕ ಎರಡು ವಾರದೊಳಗೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿರಬೇಕು. ಲೆಕ್ಕ ಸರಿಯಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಿರಿ, ನೆಂಟರು ಏನೇ ಹೇಳಲಿ.

ನೆಂಟರು ಹೇಳುವುದು ಒಂದೇ ಮಾತು: 'ಇಬ್ಬರಿಗೆ ಹಾಲು ಎಲ್ಲಿ ಸಾಲುತ್ತದೆ?' ಬಹಳಷ್ಟು ತಾಯಂದಿರ ಧೈರ್ಯ ಕೆಡಿಸುವುದು ಇದೇ. ತಾಯಿಹಾಲು ಹಂಡೆಯಲ್ಲಿ ತುಂಬಿಟ್ಟ ನೀರಲ್ಲ, ತೋಡಿದಷ್ಟೂ ಊರುವ ಬಾವಿ. ಇಬ್ಬರು ಚೀಪಿದರೆ ಇಬ್ಬರಿಗೆ ಬೇಕಾದಷ್ಟು ಊರುತ್ತದೆ. ಮೊದಲ ಎರಡು ಮೂರು ದಿನ ಬರುವುದು ಹಳದಿಯ ಗಟ್ಟಿ ಹಾಲು, ತಮಿಳಿನಲ್ಲಿ ಸೀಂಪಾಲ್. ಅಳತೆಯಲ್ಲಿ ಕಡಿಮೆ, ಆದರೆ ಅಷ್ಟು ಚಿಕ್ಕ ಹೊಟ್ಟೆಗೆ ಅಷ್ಟೇ ಬೇಕಾದದ್ದು. ಅದನ್ನು ಹಿಂಡಿ ಚೆಲ್ಲಿ, 'ಸೇನೈ' ಎಂದು ಸಕ್ಕರೆ ನೀರು ನೆಕ್ಕಿಸುವುದು, ಬಜೆ ತೇಯ್ದು ಹಚ್ಚುವುದು, ಜೇನು ಮುಟ್ಟಿಸುವುದು, ಬೇಸಿಗೆ ಎಂದು ನೀರು ಕುಡಿಸುವುದು ಇವೆಲ್ಲ ಹೊಟ್ಟೆ ತುಂಬಿಸಿ ಚೀಪುವುದನ್ನು ಕಡಿಮೆ ಮಾಡುತ್ತವೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ. ಆಮೇಲೆ 'ನಾವು ಹೇಳಲಿಲ್ಲವೇ' ಎಂಬ ಮಾತು ಬೇರೆ! ಆರು ತಿಂಗಳವರೆಗೆ ತಾಯಿಹಾಲು ಮಾತ್ರ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ಸಲಹೆ.

ಬಾಣಂತಿಯ ಹೊಟ್ಟೆಯನ್ನೂ ನೋಡಬೇಕು. ಒಂದು ಮಗುವಿಗೆ ಹಾಲೂಡಿಸುವ ತಾಯಿಗೇ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಇಬ್ಬರಿಗೆ ಅದರ ಎರಡರಷ್ಟಕ್ಕೆ ಹತ್ತಿರ. ಪತ್ಯ ಎಂದು ನೀರು ಬಿಗಿಹಿಡಿದು, ಬೆಳ್ಳುಳ್ಳಿ ರಸದ ಅನ್ನದಲ್ಲೇ ದಿನ ತಳ್ಳಿಸಿದರೆ ಅವಳು ಎಲ್ಲಿಂದ ತರಬೇಕು? ನುಗ್ಗೆಸೊಪ್ಪು, ಬೆಳ್ಳುಳ್ಳಿ, ಮೀನು ತಿನ್ನಲಿ, ಒಳ್ಳೆಯದೇ. ಅದರ ಜೊತೆಗೆ ಬೇಳೆ, ಮೊಟ್ಟೆ, ಹಾಲು, ಎರಡು ಊಟದ ನಡುವೆ ಇನ್ನೊಂದು ಊಟ, ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರು.

ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಕೆಲವರಿಗೆ ಚೀಪಿ, ನುಂಗಿ, ಉಸಿರಾಡುವ ಹದ ಬಂದಿರುವುದಿಲ್ಲ. ಆಗ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡುತ್ತಾರೆ. ಅಜ್ಜಿಯರು ಕಾಲ ಮೇಲೆ ಮಲಗಿಸಿಕೊಂಡು ಬಾಯಿಗೆ ಹೊಯ್ಯುತ್ತಿದ್ದ ಅದೇ ಒಳಲೆ, ತಮಿಳಿನ ಪಾಲಾಡೈ. ಇಂದು ನವಜಾತ ಶಿಶು ವಾರ್ಡುಗಳಲ್ಲಿ ಅದು ಮಾಮೂಲು ಸಾಮಾನು. ಬಾಟಲಿಯಂತೆ ಅದಕ್ಕೆ ಸಂದುಗೊಂದು ಇಲ್ಲ, ಕುದಿಸಿ ಶುಚಿ ಮಾಡುವುದು ಸುಲಭ. ಬದಲಾಗಿರುವುದು ಕುಡಿಸುವ ರೀತಿ: ತಲೆ ಎತ್ತಿ ಹಿಡಿದು, ತುಟಿಯ ಅಂಚಿಗೆ ಇಟ್ಟು, ಒಂದು ಗುಟುಕು ನುಂಗಿದ ಮೇಲೆ ಮುಂದಿನದು. ಗಂಟಲಿಗೆ ಸುರಿಯಬಾರದು. ಮಕ್ಕಳು ವಾರ್ಡಿನಲ್ಲಿರುವಾಗ ತಾಯಿ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡುತ್ತಲೇ ಇರಬೇಕು, ಇಲ್ಲದಿದ್ದರೆ ಬಾವಿ ಬತ್ತುತ್ತದೆ. ಸ್ವಂತ ಹಾಲು ಬರುವುದು ತಡವಾದರೆ ಕೊಯಮತ್ತೂರು ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಇದೆ; 'ತಾಯ್ಪಾಲ್ ವಂಗಿ' ಎಂದು ಕೇಳಿದರೆ ತೋರಿಸುತ್ತಾರೆ. ಏಷ್ಯಾದಲ್ಲೇ ಮೊದಲ ಇಂಥ ಬ್ಯಾಂಕ್ ಆರಂಭವಾದದ್ದು 1989ರಲ್ಲಿ, ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ. ದಾನಿ ತಾಯಂದಿರ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಇಡುತ್ತಾರೆ. ಇದು ಮುಖ್ಯವಾಗಿ ವಾರ್ಡಿನಲ್ಲಿರುವ ಕೂಸುಗಳಿಗೆ. ಮನೆಗೆ ಒಯ್ಯಲು ಅಲ್ಲ.

ಕೆಲವರಿಗೆ ಡಬ್ಬಿ ಹಾಲು ಬೇಕಾಗುವುದೂ ಉಂಟು. ಅದರಲ್ಲಿ ತಾಯಿಯ ತಪ್ಪಿಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ಅಂಗಡಿಯವರಲ್ಲ. ಡಬ್ಬಿ ಹಾಲಿನ ಜಾಹೀರಾತು, ಉಚಿತ ಸ್ಯಾಂಪಲ್ ಎರಡನ್ನೂ 1992ರ ಕಾಯ್ದೆ ನಿಷೇಧಿಸಿದೆ. ಇಬ್ಬರಿದ್ದಾಗ ಡಬ್ಬಿ ಬೇಗ ಖಾಲಿ, ಖರ್ಚು ಎರಡು ಪಟ್ಟು. ಆಗ ಚಮಚ ಒಂದು ಕಡಿಮೆ, ನೀರು ಒಂದು ಲೋಟ ಜಾಸ್ತಿ ಎಂಬ ಆಸೆ ಹುಟ್ಟುತ್ತದೆ. ತಿಳಿಹಾಲು ಕುಡಿದ ಮಗು ಹೊಟ್ಟೆ ತುಂಬಿದಂತೆ ಮಲಗುತ್ತದೆ, ಮೈ ಹಿಡಿಯುವುದಿಲ್ಲ. ಡಬ್ಬಿಯ ಮೇಲಿನ ಅಳತೆ ಬದಲಿಸಬೇಡಿ, ಕುದಿಸಿದ ನೀರು ಬಿಸಿಯಿರುವಾಗಲೇ ಪುಡಿ ಕಲಸಿ, ಆರಿಸಿ ಕುಡಿಸಿ, ಮಿಕ್ಕದ್ದನ್ನು ಚೆಲ್ಲಿ. ಹಸುವಿನ ಹಾಲು ವರ್ಷ ತುಂಬುವವರೆಗೆ ತಾಯಿಹಾಲಿನ ಬದಲಿ ಆಗುವುದಿಲ್ಲ.

ತವರಿನ ಬಾಣಂತನ ಮುಗಿದು ಗಂಡನ ಮನೆಗೆ ಬರುವ ಹೊತ್ತಿಗೆ ಮಕ್ಕಳಿಗೆ ಮೂರೋ ಐದೋ ತಿಂಗಳು. ಎತ್ತಿಕೊಡುವ ಕೈಗಳು ಕಡಿಮೆಯಾಗುವುದೂ ಆಗಲೇ, ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಕರೆ ಬರುವುದೂ ಆಗಲೇ. ಹೆರಿಗೆ ರಜೆ 2017ರ ತಿದ್ದುಪಡಿಯಿಂದ 26 ವಾರ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ. ಮೊದಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಅವಳಿಗೆಂದು ಹೆಚ್ಚುವರಿ ರಜೆ ಇಲ್ಲ, ಕಾನೂನು ಹೆರಿಗೆಯನ್ನು ಎಣಿಸುತ್ತದೆ, ಕೂಸುಗಳನ್ನಲ್ಲ. ಹೆರಿಗೆಗೆ ಮುಂಚೆ ಎಂಟು ವಾರ ತೆಗೆದುಕೊಂಡರೆ ನಂತರ ಉಳಿಯುವುದು 18 ವಾರ, ಆರು ತಿಂಗಳಿಗೆ ಸಾಲದು. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲೂಡಿಸಲು ಎರಡು ಬಿಡುವು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಶಿಶುಪಾಲನಾ ಕೊಠಡಿ ಕಾನೂನಿನಲ್ಲಿವೆ. ಕೇಳಿ ಪಡೆಯಬೇಕು. ಮನೆಯಲ್ಲೇ ಮಗ್ಗ ನಡೆಸುವವರಿಗೆ, ಪೀಸ್ ರೇಟಿಗೆ ಹೊಲಿಯುವವರಿಗೆ ಈ ರಜೆ ಕಾಗದದ ಮೇಲಿನದೇ. ಅವರಿಗೆ ನೆರವಾಗುವುದು ಹಿಂಡಿಟ್ಟ ಹಾಲು. ಕೈ ತೊಳೆದು, ಕುದಿಸಿದ ಸ್ಟೀಲ್ ಪಾತ್ರೆಗೆ ಹಿಂಡಿ ಮುಚ್ಚಿಟ್ಟರೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ ಒಂದು ದಿನ ಇರುತ್ತದೆ. ಬಿಸಿನೀರಿನಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕಾಯಿಸಬಾರದು. ದಾರಿಯಲ್ಲಿರುವವರಿಗೆ 2015ರಿಂದ ಬಸ್ ನಿಲ್ದಾಣಗಳಲ್ಲಿ ತೆರೆದ ಹಾಲೂಡಿಸುವ ಕೊಠಡಿಗಳು ಇವೆ. 'ಪಾಲೂಟ್ಟುಂ ಅರೈ' ಎಂಬ ಬೋರ್ಡ್ ನೋಡಿ.

ಆರು ತಿಂಗಳು ತುಂಬಿದ ಮೇಲೆ ಊಟ. ತಿಂಗಳು ತುಂಬದೆ ಹುಟ್ಟಿದವರಿಗೆ ಎಂದಿನಿಂದ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿ. ಕತ್ತು ನಿಂತು, ಆನಿಸಿದರೆ ಕೂರುವಂತಾಗಿರಬೇಕು. ಒಬ್ಬರು ಸಿದ್ಧ, ಇನ್ನೊಬ್ಬರು ಹತ್ತು ದಿನ ತಡ ಎಂದಾದರೆ ಹಾಗೆಯೇ ಆಗಲಿ, ಅವಳಿ ಎಂದ ಮಾತ್ರಕ್ಕೆ ಜೊತೆಯಲ್ಲೇ ನಡೆಯಬೇಕೆಂದಿಲ್ಲ. ರಾಗಿ ಸರಿಯಿಂದ ಆರಂಭಿಸಬಹುದು. ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ನಿಧಾನಕ್ಕೆ ಅರ್ಧ ಬಟ್ಟಲು. ಚಮಚ ವಾಲಿಸಿದರೆ ಹರಿದು ಹೋಗುವಷ್ಟು ನೀರಾಗಿರಬಾರದು. ರಸ ಕಲಸಿದ ಅನ್ನ ಮಗುವಿಗೆ ಊಟವೇ ಅಲ್ಲ. ಅನ್ನಕ್ಕೆ ಮಸೆದ ಬೇಳೆ, ಬೇಯಿಸಿದ ಸೊಪ್ಪು, ಒಂದು ಚಮಚ ತುಪ್ಪ, ದಿನಕ್ಕೊಮ್ಮೆ ಮೊಟ್ಟೆ, ಬಾಳೆಹಣ್ಣು. ಉಪ್ಪು, ಸಕ್ಕರೆ, ಜೇನು ವರ್ಷದವರೆಗೆ ಬೇಡ. ಅಂಗನವಾಡಿಯ ಸತ್ತು ಮಾವು ಆರು ತಿಂಗಳು ತುಂಬಿದ ಮಕ್ಕಳಿಗೆ ಸಿಗುತ್ತದೆ. ಇಬ್ಬರ ಹೆಸರನ್ನೂ ಬೇರೆ ಬೇರೆಯಾಗಿ ಬರೆಸಿ. ಅದು ಮಕ್ಕಳ ಪಾಲು, ಮನೆಮಂದಿಯ ಸಂಜೆ ಉಂಡೆಗಲ್ಲ.

ಉಣಿಸುವಾಗ ಇಬ್ಬರನ್ನೂ ಎದುರಿಗೆ ಕೂರಿಸಿ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ತುತ್ತು ಕೊಡಬಹುದು. ಒಬ್ಬರು ತಿನ್ನುವುದನ್ನು ಕಂಡು ಇನ್ನೊಬ್ಬರೂ ಬಾಯಿ ತೆರೆಯುತ್ತಾರೆ, ಅವಳಿಗಳಿಗಿರುವ ಅನುಕೂಲ ಅದು. ಆದರೆ ಬಟ್ಟಲು ಎರಡು ಇರಲಿ, ಚಮಚವೂ ಎರಡು. ಒಂದೇ ಬಟ್ಟಲಾದರೆ ಖಾಲಿಯಾದದ್ದು ಮಾತ್ರ ಕಾಣುತ್ತದೆ, ಖಾಲಿ ಮಾಡಿದವರು ಯಾರೆಂದು ಕಾಣುವುದಿಲ್ಲ. ಒಬ್ಬರಿಗೆ ಭೇದಿಯೋ ನೆಗಡಿಯೋ ಬಂದರೆ ಚಮಚದ ಮೂಲಕ ಇನ್ನೊಬ್ಬರಿಗೂ ದಾಟುತ್ತದೆ. ಹೊಸ ತಿನಿಸನ್ನು ಇಬ್ಬರಿಗೂ ಒಂದೇ ದಿನ, ಒಂದೊಂದಾಗಿ ಕೊಟ್ಟು ಎರಡು ಮೂರು ದಿನ ನೋಡಿ.

ಒಂಬತ್ತು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಹಣ್ಣೋ ಇಡ್ಲಿ ಚೂರೋ. ವರ್ಷ ತುಂಬಿದರೆ ಮನೆಯವರು ತಿನ್ನುವುದನ್ನೇ ಖಾರ ಕಡಿಮೆ ಮಾಡಿ ಕೊಡಬಹುದು. ತಾಯಿಹಾಲು ಎರಡು ವರ್ಷದವರೆಗೂ ಮುಂದುವರಿಯಲಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಇಬ್ಬರನ್ನೂ ಒಂದೇ ದಿನ ತೂಕ ಹಾಕಿಸಿ, ಇಬ್ಬರ ಕಾರ್ಡಿನಲ್ಲೂ ಗೆರೆ ಎಳೆಸಿ. ಅಣ್ಣನ ಗೆರೆ ತಂಗಿಯ ಗೆರೆಗಿಂತ ಮೇಲಿದ್ದರೆ ಗಾಬರಿ ಬೇಡ. ಯಾರ ಗೆರೆಯಾದರೂ ಒಂದು ತಿಂಗಳು ಏರದೆ ಅಡ್ಡಲಾಗಿ ಹೋದರೆ ಆ ಮಗುವನ್ನು ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು.