ಹಳೆಯ ನಾಣ್ಯ, ಹೊರದೇಶದ ಗಿರಾಕಿ

ಅಹಮದಾಬಾದಿನ ಎಲ್ಲಿಸ್ ಸೇತುವೆಯ ಸಮೀಪ, ಸಾಬರಮತಿಯ ದಂಡೆಯಲ್ಲಿ ಪ್ರತಿ ಭಾನುವಾರ ನೆರೆಯುವ ಗುಜರಿ ಬಜಾರನ್ನು ಒಮ್ಮೆಯಾದರೂ ನೋಡದವರು ನಮ್ಮ ಸದಸ್ಯರಲ್ಲಿ ವಿರಳ. ಹದಿನೈದನೆಯ ಶತಮಾನದ ಸುಲ್ತಾನ್ ಅಹಮದ್ ಶಾಹನ ಕಾಲದಿಂದಲೂ ಅದು ನಡೆದುಬಂದಿದೆಯೆಂದು ಪ್ರತೀತಿ. ಹಳೆಯ ಸಾಮಾನಿಗೆ ನಮ್ಮ ಕನ್ನಡದಲ್ಲಿಯೂ ಗುಜರಿಯೆಂದೇ ಹೆಸರಿರುವುದರಿಂದ, ಈ ಊರಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಅಲ್ಲಿ ಪರಕೀಯ ಭಾವನೆ ಉಂಟಾಗುವುದಿಲ್ಲ. ಅಲ್ಲಿನ ವ್ಯಾಪಾರ ಬಲು ಸರಳ. ವಸ್ತು ಕಣ್ಣೆದುರಿಗಿದೆ, ಹಣ ಕೈಯಲ್ಲಿದೆ; ಚೌಕಾಸಿ ಮುಗಿದೊಡನೆ ವ್ಯವಹಾರವೂ ಮುಗಿಯಿತು. ಆದರೆ ಅದೇ ವಸ್ತುವನ್ನು ಅಂತರ್ಜಾಲದ ಮಾರುಕಟ್ಟೆಯಲ್ಲಿಟ್ಟು, ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇರುವ ಗಿರಾಕಿಯೊಬ್ಬನು ‘ನನಗೆ ಕಳುಹಿಸುವಿರಾ?’ ಎಂದು ಕೇಳಿದಾಗ, ಮಾರಾಟಗಾರನಿಂದ ಬರುವ ಉತ್ತರ ಹಲವೊಮ್ಮೆ ‘ಭಾರತದೊಳಗೆ ಮಾತ್ರ’ ಎಂಬುದಾಗಿರುತ್ತದೆ. ಹೆಚ್ಚು ಬೆಲೆ ಕೊಡಲು ಸಿದ್ಧನಾದ ಗಿರಾಕಿಯನ್ನು ವ್ಯಾಪಾರಿಯೇ ಹಿಂದಕ್ಕೆ ಕಳುಹಿಸುವುದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುವುದು ಸಹಜ.

ರಕ್ತದೊತ್ತಡ, ಮಧುಮೇಹಗಳನ್ನು ಕುರಿತ ಲೇಖನಗಳ ನಡುವೆ ಇಂತಹ ವಿಷಯಕ್ಕೆ ಸ್ಥಳವೆಲ್ಲಿ ಎಂದು ಓದುಗರು ಕೇಳಬಹುದು. ಬ್ಯಾಂಕಿನ ಕೌಂಟರಿನ ಈಚೆ ಕುಳಿತ ನನಗೆ, ಹಿರಿಯರ ರಕ್ತದೊತ್ತಡ ಏರುವುದಕ್ಕೆ ಇಂತಹ ವ್ಯವಹಾರಗಳೂ ಒಂದು ಕಾರಣವೆಂದು ತೋರಿದೆ. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ನೌಕರಿ ನಿಮಿತ್ತ ಅನೇಕ ಹೊರನಾಡಿಗರು ಚಾಂದ್‌ಖೇಡಾದಲ್ಲಿ ಬಂದು ನೆಲೆಸಿದ್ದಾರೆ. ಅವರ ಮಕ್ಕಳಲ್ಲಿ ಅನೇಕರು ಸಾಗರದಾಚೆ ಇದ್ದಾರೆ. ಇಲ್ಲಿನ ಮನೆ ಖಾಲಿಮಾಡುವಾಗ, ಊರಿನಿಂದ ತಂದಿಟ್ಟ ಹಿರಿಯರ ಕಾಲದ ವಸ್ತುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಏಳುತ್ತದೆ. ನನ್ನ ಪರಿಚಯದ ನಿವೃತ್ತರೊಬ್ಬರ ಬಳಿ ಅಂತಹ ಮೂರು ವಸ್ತುಗಳಿದ್ದವು: ತಂದೆಯವರು ಕೂಡಿಸಿದ ಅಂಚೆಚೀಟಿಗಳ ಆಲ್ಬಮ್, ಹಳೆಯ ಮೈಸೂರು ನಾಣ್ಯಗಳ ಒಂದು ಸಣ್ಣ ಚೀಲ, ಮತ್ತು ಬಿಳಿಯ ಕುಸುರಿ ಕೂರಿಸಿದ ಮೈಸೂರಿನ ಬೀಟೆಮರದ ಪೆಟ್ಟಿಗೆ. ವಿದೇಶದ ಸಂಗ್ರಾಹಕರೊಬ್ಬರು ಮೂರನ್ನೂ ಕೊಳ್ಳಲು ಮುಂದಾಗಿದ್ದರು. ಹಣ ಯಾವ ಮಾರ್ಗವಾಗಿ ಬರಬೇಕೆಂದು ವಿಚಾರಿಸಲು ಅವರು ನನ್ನಲ್ಲಿಗೆ ಬಂದರು. ಹಣದ ಮಾತಿಗಿಂತ ಮೊದಲು ಕಾನೂನಿನ ಮಾತು ಬರಬೇಕಾಯಿತು.

ಮೊದಲು ನಾಣ್ಯಗಳನ್ನು ನೋಡೋಣ. ಟಿಪ್ಪು ಸುಲ್ತಾನನು 1782ರಿಂದ 1799ರವರೆಗೆ ಆಳಿದ ಅವಧಿಯಲ್ಲಿ ಹೊರಡಿಸಿದ ಆನೆಯ ಚಿತ್ರವುಳ್ಳ ತಾಮ್ರದ ಪೈಸೆಗಳೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿಯೇ ‘ಮಯಿಲಿ ಕಾಸು’ ಎಂದು ಬರೆದಿರುವ ನಾಣ್ಯಗಳೂ ಸಂಗ್ರಾಹಕರಿಗೆ ಬಹು ಪ್ರಿಯವಾದವು. ಮೈಸೂರು ಸಂಸ್ಥಾನದ ನಾಣ್ಯ ತಯಾರಿಕೆ 1843ರಲ್ಲಿಯೇ ನಿಂತುಹೋಯಿತು. ಅಂದರೆ ಮೈಸೂರು ಸಂಸ್ಥಾನದ ಯಾವ ನಾಣ್ಯವೂ, ಅದೆಷ್ಟೇ ಸವೆದಿರಲಿ, ಅದರ ಬೆಲೆ ಎಷ್ಟೇ ಅಲ್ಪವಾಗಿರಲಿ, ನೂರು ವರ್ಷಕ್ಕಿಂತ ಹಳೆಯದು. ತೊಡಕಿನ ಮೂಲವಿರುವುದು ಇಲ್ಲಿಯೇ.

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಅಸ್ತಿತ್ವದಲ್ಲಿರುವ ನಾಣ್ಯ, ವಿಗ್ರಹ, ಚಿತ್ರ, ಶಾಸನ ಹಾಗೂ ಇತರ ಕಲಾಕೃತಿ ಅಥವಾ ಕರಕುಶಲ ಕೃತಿಗಳೆಲ್ಲ ಅದರ ಪ್ರಕಾರ ಪುರಾತನ ವಸ್ತುಗಳು. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗಾದರೆ ಎಪ್ಪತ್ತೈದು ವರ್ಷವೇ ಸಾಕು. ಇಂತಹ ವಸ್ತುಗಳನ್ನು ಕೇಂದ್ರ ಸರ್ಕಾರ ಅಥವಾ ಅದರಿಂದ ಅಧಿಕಾರ ಪಡೆದ ಸಂಸ್ಥೆಯ ಹೊರತು ಅನ್ಯರಾರೂ ರಫ್ತು ಮಾಡುವಂತಿಲ್ಲ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸ; ಜೊತೆಗೆ ದಂಡ. ಗಮನಿಸಿ: ಕಾನೂನು ಇಲ್ಲಿ ವಸ್ತುವಿನ ಬೆಲೆಯನ್ನು ಕೇಳುವುದಿಲ್ಲ, ವಯಸ್ಸನ್ನು ಮಾತ್ರ ಕೇಳುತ್ತದೆ. ಕೆಲವು ನೂರು ರೂಪಾಯಿಯ ಕಾಸಿಗೂ ಲಕ್ಷಗಟ್ಟಲೆ ಬೆಲೆಬಾಳುವ ಕಂಚಿನ ವಿಗ್ರಹಕ್ಕೂ ಕಲಮು ಒಂದೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಮಾತು ಈ ಆನೆ ಪೈಸೆಯ ವಿಷಯದಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮಾರಾಟವೆಂದಲ್ಲ, ಉಡುಗೊರೆಯೆಂದು ಕಳುಹಿಸಿದರೆ ಹೇಗೆ ಎಂದು ಆ ಹಿರಿಯರು ಕೇಳಿದರು. ಅನೇಕರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ನಿಷೇಧವಿರುವುದು ರಫ್ತಿಗೆ, ಅದಕ್ಕೆ ಹಣ ಪಡೆದಿರೋ ಇಲ್ಲವೋ ಎಂಬುದು ಎರಡನೆಯ ಮಾತು. ತಾತನ ಕಾಲದ ನಾಣ್ಯವನ್ನು ಅಮೆರಿಕದ ಮೊಮ್ಮಗನಿಗೆ ಪ್ರೀತಿಯಿಂದ ಅಂಚೆಯಲ್ಲಿ ಕಳುಹಿಸಿದರೂ, ಮಗನೇ ತನ್ನ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದರೂ ದೇಶದ ಗಡಿಯಲ್ಲಿ ಅದು ಪುರಾತನ ವಸ್ತುವೇ. ಪೂಜೆಯ ಮನೆಯ ಹಳೆಯ ಪಂಚಲೋಹದ ವಿಗ್ರಹಗಳಿಗೂ, ಅಜ್ಜ ಕೈಯಾರೆ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪ್ರತಿಗೂ, ಓಲೆಗರಿಯ ಕಟ್ಟಿಗೂ ಇದೇ ನಿಯಮ. ರಾಜಾ ರವಿವರ್ಮನನ್ನು ವಡೋದರದ ಗಾಯಕವಾಡರೂ ಮೈಸೂರಿನ ಒಡೆಯರೂ ಆದರಿಸಿದ್ದರು; ಅವನ ಮೂಲಕೃತಿಗಳು 1979ರಲ್ಲಿ ಕಲಾನಿಧಿಯೆಂದು ಘೋಷಿತವಾಗಿ ರಫ್ತಿಗೆ ನಿಷಿದ್ಧವಾದವು. ನಮ್ಮ ಅಜ್ಜಿಯರ ಮನೆಗಳಲ್ಲಿ ಇದ್ದುದು ಅವನ ಅಚ್ಚುಕೂಟದ ಮುದ್ರಿತ ಪಟಗಳು. ಆದರೆ ಆ ಅಚ್ಚುಕೂಟ ಆರಂಭವಾದುದು 1894ರಲ್ಲಿ. ಅದರ ಮೊದಲ ವರ್ಷಗಳ ಲಕ್ಷ್ಮಿ, ಸರಸ್ವತಿಯರ ಪಟಗಳೂ ಈಗ ನೂರರ ಗಡಿಯನ್ನು ದಾಟಿವೆ.

ವಸ್ತು ನೂರು ವರ್ಷದ್ದಲ್ಲವೆಂದು ತೋರಿಸಲು ಮಾರ್ಗವಿಲ್ಲದಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರಿಗೆ ವಸ್ತುವನ್ನು ತೋರಿಸಿ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬಹುದು. ಕಲಾಕೃತಿಗಳ ದೊಡ್ಡ ವ್ಯಾಪಾರಿಗಳು ಇದನ್ನು ಪಡೆಯುತ್ತಾರೆ. ಆದರೆ ಐನೂರು ರೂಪಾಯಿಯ ಹಿತ್ತಾಳೆ ದೀಪಕ್ಕಾಗಿ ಅರ್ಜಿ ಬರೆದು, ಛಾಯಾಚಿತ್ರ ಲಗತ್ತಿಸಿ, ಕಚೇರಿಗೆ ಅಲೆಯುವವರಾರು? ಹಿತ್ತಾಳೆಯ ವಯಸ್ಸನ್ನು ನೋಡಿದೊಡನೆ ಹೇಳುವುದು ವ್ಯಾಪಾರಿಗೂ ಕಷ್ಟ, ಕಸ್ಟಮ್ಸ್ ಅಧಿಕಾರಿಗೂ ಕಷ್ಟ. ಸಂಶಯ ಬಂದ ಪೊಟ್ಟಣವನ್ನು ಅಧಿಕಾರಿ ತಡೆಹಿಡಿಯುತ್ತಾನೆ. ತೀರ್ಮಾನ ಹೇಳಬೇಕಾದವರು ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದವರು. ಅಷ್ಟರಲ್ಲಿ ಗಿರಾಕಿಯ ತಾಳ್ಮೆ ಮುಗಿದಿರುತ್ತದೆ.

ಬೀಟೆಮರದ ಪೆಟ್ಟಿಗೆಯ ಕಥೆಯನ್ನು ಬೇಗ ಹೇಳಿಬಿಡಬಹುದು. ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ವನ್ಯಜೀವಿ ವಾಣಿಜ್ಯವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು. ಅನಂತರ 10 ಕಿಲೋಗ್ರಾಂ ಮಿತಿಯೊಳಗಿನ ಸಿದ್ಧವಸ್ತುಗಳಿಗೆ ಸಡಿಲಿಕೆ ದೊರೆತುದರಿಂದ ಮರ ಅಷ್ಟು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಆ ಬಿಳಿಯ ಕುಸುರಿಯಲ್ಲಿ. ಈಗ ಪ್ಲಾಸ್ಟಿಕ್ ಮುಂತಾದವನ್ನು ಕೂರಿಸುತ್ತಾರೆ. ಹಿಂದೆ ಮೈಸೂರಿನ ಕುಶಲಕರ್ಮಿಗಳು ದಂತವನ್ನೇ ಕೂರಿಸುತ್ತಿದ್ದರು. ಭಾರತೀಯ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಮದಾದ ಆಫ್ರಿಕದ ದಂತದ ವ್ಯಾಪಾರ 1991ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತಿದ್ದುಪಡಿಗಳಿಂದ ನಿಷಿದ್ಧವಾದವು. ದಂತವೆಂದಾದರೆ ಹೊರದೇಶಕ್ಕಲ್ಲ, ನೆರೆಮನೆಯವರಿಗೂ ಅದನ್ನು ಮಾರುವಂತಿಲ್ಲ.

ಇನ್ನು ಉಳಿದುದು ಅಂಚೆಚೀಟಿಗಳು. ಆ ಆಲ್ಬಮ್ಮಿನಲ್ಲಿ 1948ರ ಆಗಸ್ಟ್ 15ರಂದು ಹೊರಟ ಗಾಂಧೀಜಿಯವರ ನಾಲ್ಕು ಚೀಟಿಗಳಿದ್ದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ ಮತ್ತು ಹತ್ತು ರೂಪಾಯಿ. ಹತ್ತು ರೂಪಾಯಿಯದಕ್ಕೆ ಲೋಕದ ಎಲ್ಲೆಡೆಯೂ ಬೇಡಿಕೆಯಿದೆ. ಆ ಕಾರಣದಿಂದಲೇ ನಕಲಿಗಳೂ ಹೇರಳ. ನೂರು ವರ್ಷ ತುಂಬುವುದಕ್ಕೆ 2048 ಬರಬೇಕಾದುದರಿಂದ ಪುರಾತನ ವಸ್ತುವಿನ ತಡೆ ಇಲ್ಲಿಲ್ಲ. ಹಾಗಾದರೆ ಚೀಟಿ ವ್ಯಾಪಾರಿಯೂ ಹಿಂಜರಿಯುವುದೇಕೆ? ಇಲ್ಲಿಂದ ಮುಂದಿನದು ನನ್ನ ವೃತ್ತಿಗೆ ಸೇರಿದ ವಿಚಾರ.

ಅಂಚೆಯ ಮೂಲಕ ಮಾಡಿದ ಸಣ್ಣ ಮಾರಾಟವೂ ಕಾನೂನಿನ ದೃಷ್ಟಿಯಲ್ಲಿ ರಫ್ತು. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತಸಂಖ್ಯೆ ಬೇಕು, ಅಂಚೆಯ ರಫ್ತು ಘೋಷಣೆ ಬೇಕು, ಬಂದ ವಿದೇಶಿ ಹಣ ನಿಗದಿತ ಅವಧಿಯೊಳಗೆ ಬ್ಯಾಂಕಿನ ಮೂಲಕವೇ ಬರಬೇಕು. ಸರಕಿನ ಘೋಷಣೆಯನ್ನೂ ಬಂದ ಹಣವನ್ನೂ ಹೊಂದಿಸಿ ನೋಡುವ ರಿಸರ್ವ್ ಬ್ಯಾಂಕಿನ ಗಣಕ ವ್ಯವಸ್ಥೆಯೊಂದು 2014ರಿಂದ ಕೆಲಸ ಮಾಡುತ್ತಿದೆ. ಹಣ ಬಾರದ ಘೋಷಣೆ ಅದರಲ್ಲಿ ಬಾಕಿಯೆಂದು ಉಳಿಯುತ್ತದೆ, ಬ್ಯಾಂಕು ರಫ್ತುದಾರನಿಗೆ ಪತ್ರ ಬರೆಯುತ್ತದೆ. 10 ಲಕ್ಷ ರೂಪಾಯಿವರೆಗಿನ ಬಿಲ್ಲುಗಳನ್ನು ರಫ್ತುದಾರನ ಸ್ವಂತ ಘೋಷಣೆಯ ಮೇಲೆ ಮುಗಿಸಬಹುದೆಂದು ರಿಸರ್ವ್ ಬ್ಯಾಂಕು 2025ರ ಅಕ್ಟೋಬರಿನಲ್ಲಿ ತಿಳಿಸಿದುದು ದೊಡ್ಡ ಉಪಕಾರವೇ ಸರಿ. ಆದರೂ ಪ್ರತಿ ಪೊಟ್ಟಣಕ್ಕೂ ಒಂದು ಕಡತವೆಂಬುದು ತಪ್ಪಿಲ್ಲ. ಬಟ್ಟೆ ರಫ್ತು ಮಾಡುವ ಕಂಪನಿಗೆ ಗುಮಾಸ್ತರಿದ್ದಾರೆ. ಒಂಟಿಯಾಗಿ ಚೀಟಿ ಮಾರುವವನಿಗೆ ಅವನೇ ಗುಮಾಸ್ತ.

ಗಿರಾಕಿಯ ಒಂದು ಸಾಮಾನ್ಯ ಬೇಡಿಕೆ ಇಲ್ಲಿ ಅಪಾಯಕಾರಿಯಾಗುತ್ತದೆ. ತನ್ನ ದೇಶದ ಸುಂಕವನ್ನು ಉಳಿಸಲು ‘ಉಡುಗೊರೆಯೆಂದು ಬರೆಯಿರಿ, ಬೆಲೆಯನ್ನು ಹತ್ತನೆಯ ಒಂದು ಭಾಗ ತೋರಿಸಿ’ ಎಂದು ಅವನು ವಿನಂತಿಸುತ್ತಾನೆ. ಅವನಿಗೆ ಅದು ಸಣ್ಣ ಉಪಕಾರ. ಕಳುಹಿಸುವವನ ಬ್ಯಾಂಕಿನಲ್ಲಿಯೋ 20,000 ರೂಪಾಯಿ ಜಮೆಯಾಗಿದೆ. ಪೊಟ್ಟಣದ ಮೇಲೆ 2,000 ರೂಪಾಯಿಯ ಉಡುಗೊರೆಯೆಂದಿದೆ. ಸುಳ್ಳು ಘೋಷಣೆಗೆ 1962ರ ಕಸ್ಟಮ್ಸ್ ಅಧಿನಿಯಮದಂತೆ ಸರಕಿನ ಬೆಲೆಯ ಐದರಷ್ಟರವರೆಗೆ ದಂಡ ವಿಧಿಸಬಹುದು. ಪೊಟ್ಟಣ ಕಳೆದುಹೋದರೆ ಪರಿಹಾರವೂ ತೋರಿಸಿದ ಬೆಲೆಯನ್ನು ಮೀರದು.

ಕಳೆದುಹೋಗುವ ಮಾತು ಬಂದುದರಿಂದ ಹಣ ಹಿಂತಿರುಗುವ ಕ್ರಮವನ್ನೂ ವಿವರಿಸಬೇಕು. ವ್ಯಾಪಾರಿಗಳು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಇದಕ್ಕೇ. ಗಿರಾಕಿ ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟಿದ್ದು, ವಸ್ತು ತಲುಪಲಿಲ್ಲವೆಂದೋ ವರ್ಣಿಸಿದಂತಿಲ್ಲವೆಂದೋ ತನ್ನ ಬ್ಯಾಂಕಿಗೆ ದೂರಿತ್ತರೆ, ಆ ಬ್ಯಾಂಕು ಹಣವನ್ನು ಹಿಂದಕ್ಕೆ ಸೆಳೆಯಬಲ್ಲದು. ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ. ಮಾರಾಟಗಾರ ತನ್ನ ಪಕ್ಷವನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕು. ‘ತಲುಪಿತು’ ಎಂಬ ದಾಖಲೆಯಿಲ್ಲದ ಸಾಮಾನ್ಯ ಅಂಚೆಯಲ್ಲಿ ಕಳುಹಿಸಿದ್ದರೆ ಅವನ ಕೈಯಲ್ಲಿ ರಸೀದಿಯ ಹೊರತು ಏನೂ ಇಲ್ಲ. ಅಂತರರಾಷ್ಟ್ರೀಯ ಅಂಚೆಯ ವಿಚಾರಣೆಗೆ ಆರು ತಿಂಗಳ ಅವಕಾಶವಿದೆ. ಎರಡು ದೇಶಗಳ ಅಂಚೆ ಇಲಾಖೆಗಳ ಪತ್ರವ್ಯವಹಾರ ಮುಗಿಯುವ ಮೊದಲೇ ಹಣ ಹೋಗಿರಬಹುದು. ಸಂಗ್ರಹದ ವಸ್ತುಗಳಲ್ಲಿ ‘ವರ್ಣಿಸಿದಂತಿಲ್ಲ’ ಎಂಬ ದೂರು ಇನ್ನೂ ಸೂಕ್ಷ್ಮ. ಸೀರೆಯ ಬಣ್ಣವನ್ನು ಇಬ್ಬರೂ ಒಪ್ಪಬಹುದು. ಚೀಟಿಯ ಹಿಂಬದಿಯ ಅಂಟು ಮೂಲದ್ದೋ, ಆಮೇಲೆ ಹಚ್ಚಿದ್ದೋ ಎಂಬುದರಲ್ಲಿ ತಜ್ಞರಿಗೇ ಭಿನ್ನಾಭಿಪ್ರಾಯ. ಗಿರಾಕಿ ಅಸಲಿಯನ್ನು ಇಟ್ಟುಕೊಂಡು ನಕಲಿಯನ್ನು ಹಿಂದಿರುಗಿಸಿದರೆ, ಚಾಂದ್‌ಖೇಡಾದ ಮಾರಾಟಗಾರ ಯಾವ ದೇಶದ ನ್ಯಾಯಾಲಯಕ್ಕೆ ಹೋಗಬೇಕು? ಒಳನಾಡಿನ ಗಿರಾಕಿಯಾದರೆ ದೂರವಾಣಿಯಲ್ಲಿ ಮಾತನಾಡಬಹುದು, ಪರಿಚಿತರನ್ನು ಕಳುಹಿಸಬಹುದು, ಕೊನೆಗೆ ನಮ್ಮದೇ ದೇಶದ ನ್ಯಾಯಾಲಯವಿದೆ.

ಆಚೆಯ ದೇಶಗಳ ನಿಯಮಗಳೂ ಸ್ಥಿರವಲ್ಲ. ಐರೋಪ್ಯ ಒಕ್ಕೂಟ 22 ಯೂರೊಗಳೊಳಗಿನ ಪೊಟ್ಟಣಗಳಿಗಿದ್ದ ತೆರಿಗೆ ವಿನಾಯಿತಿಯನ್ನು 2021ರ ಜುಲೈನಲ್ಲಿ ರದ್ದುಮಾಡಿತು. ಅಮೆರಿಕ 800 ಡಾಲರುಗಳವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿದಾಗ, ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಆ ದೇಶಕ್ಕೆ ಸರಕಿನ ಪೊಟ್ಟಣಗಳನ್ನು ಸ್ವೀಕರಿಸುವುದನ್ನೇ ತಡೆಹಿಡಿಯಬೇಕಾಯಿತು. ಸುಂಕವನ್ನು ಮುಂಗಡವಾಗಿ ಪಡೆಯುವ ಏರ್ಪಾಡಾಗಿ ಸೇವೆ ಪುನಃ ಆರಂಭವಾದುದು ಅಕ್ಟೋಬರ್ 15ರಂದು. ಆ ಏಳು ವಾರಗಳಲ್ಲಿ ಚೀಟಿ ಮಾರಿ ಹಣ ಪಡೆದಿದ್ದವನ ಅವಸ್ಥೆಯನ್ನು ಊಹಿಸಬಹುದು: ಕಳುಹಿಸಲು ಅಂಚೆಯಿಲ್ಲ, ತಡವಾದರೆ ಹಣ ಹಿಂದಕ್ಕೆ. ಖಾಸಗಿ ಕೊರಿಯರಿನಲ್ಲಿ ಕಳುಹಿಸೋಣವೆಂದರೆ ಅದರ ಶುಲ್ಕ ಅನೇಕ ಚೀಟಿಗಳ ಬೆಲೆಯನ್ನೇ ಮೀರಿಸುತ್ತದೆ.

ಹೀಗೆ ನೋಡಿದರೆ ‘ಭಾರತದೊಳಗೆ ಮಾತ್ರ’ ಎಂದು ಬರೆಯುವವನು ಗಿರಾಕಿಯನ್ನು ಅವಮಾನಿಸುತ್ತಿಲ್ಲ. ಕಾನೂನಿನ ಭಯ, ದಾಖಲೆಯ ಶ್ರಮ, ಹಣ ಹಿಂದೆಗೆತದ ಅಪಾಯ ಮೂರೂ ಕಳುಹಿಸುವವನ ಒಬ್ಬನ ತಲೆಯ ಮೇಲೆಯೇ ಬೀಳುವಾಗ, ಕೈಗೆ ಬರುವ ಲಾಭ ಅದಕ್ಕೆ ಸಾಲದು ಎಂದಷ್ಟೇ ಅವನು ಹೇಳುತ್ತಿರುವುದು. ನಮ್ಮ ಪುರಾತನ ವಸ್ತು ಕಾನೂನು ಸಣ್ಣ ನಾಣ್ಯಗಳ ವಿಷಯದಲ್ಲಿ ಅಗತ್ಯಕ್ಕಿಂತ ಕಠಿಣವಾಗಿದೆಯೆಂಬುದು ನನ್ನ ಸ್ವಂತ ಅಭಿಪ್ರಾಯ. ಸಾವಿರಾರು ಸಂಖ್ಯೆಯಲ್ಲಿ ದೊರೆಯುವ ತಾಮ್ರದ ಕಾಸಿಗೂ ದೇವಾಲಯದಿಂದ ಕದ್ದ ಮೂರ್ತಿಗೂ ಒಂದೇ ಅಳತೆಗೋಲು ಸಲ್ಲದು. ಆದರೆ ಅದು ತಿದ್ದುಪಡಿಯಾಗುವವರೆಗೆ ಪಾಲಿಸುವುದೇ ಕ್ಷೇಮ.

ಆ ಹಿರಿಯರು ಆಲ್ಬಮ್ಮಿನ ಗಾಂಧಿ ಚೀಟಿಗಳನ್ನು ಮುಂಬಯಿಯ ವ್ಯಾಪಾರಿಯೊಬ್ಬರಿಗೆ ಮಾರಿದರು. ವಿದೇಶದ ಬೆಲೆಗಿಂತ ಸಾಕಷ್ಟು ಕಡಿಮೆಗೆ. ಪೆಟ್ಟಿಗೆಯಲ್ಲಿರುವುದು ದಂತವೋ ಅಲ್ಲವೋ ಎಂಬುದು ತೀರ್ಮಾನವಾಗದೆ ಅದು ಮನೆಯಲ್ಲಿಯೇ ಇದೆ. ನಾಣ್ಯಗಳನ್ನು ಅವರು ಮಾರಲಿಲ್ಲ. ಹಳೆಯ ವಿಗ್ರಹ, ಚಿತ್ರಗಳನ್ನು ಮನೆಯಲ್ಲಿಟ್ಟುಕೊಂಡವರು ಸರ್ವೇಕ್ಷಣ ಇಲಾಖೆಯ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕೆಂಬ ನಿಯಮವಿದೆ. ನಾಣ್ಯಗಳಿಗೆ ಆ ಕಟ್ಟುಪಾಡಿಲ್ಲ. ಪ್ರತಿ ನಾಣ್ಯದ ಎರಡೂ ಮುಖಗಳ ಛಾಯಾಚಿತ್ರ ತೆಗೆದು, ತೂಕವನ್ನೂ, ತಂದೆಯವರ ಕೈಗೆ ಅದು ಬಂದ ಬಗೆಯನ್ನೂ ಕನ್ನಡದಲ್ಲಿಯೇ ಬರೆದು ಮಗನಿಗೆ ಕಳುಹಿಸಿದ್ದಾರೆ. ನಾಣ್ಯಗಳು ಚಾಂದ್‌ಖೇಡಾದಲ್ಲಿಯೇ, ಬ್ಯಾಂಕಿನ ಲಾಕರಿನಲ್ಲಿವೆ.