ಉಪ್ಪಿಲು, ಲಂಟಾನ ಮತ್ತು ಚೀಟಿಯ ನಂಬರು

ಓದಿದ್ದೆಲ್ಲ ನೋಟ್‌ಬುಕ್ಕಿನಲ್ಲೇ ಕೊಳೆಯುತ್ತದೆ, ಬೇಕಾದಾಗ ಸಿಗುವುದಿಲ್ಲ, ಅಬ್ಸಿಡಿಯನ್ ಥರದ ಟಿಪ್ಪಣಿ ಆ್ಯಪ್ ಹಾಕಿಕೊಳ್ಳಲೇ ಎಂದು ಕೊಳ್ಳೇಗಾಲದ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ. ಟಿಪ್ಪಣಿಗಳನ್ನೇ 'ಎರಡನೇ ಮಿದುಳು' ಎಂದು ಮಾರುವ ಯೂಟ್ಯೂಬ್ ಪಂಡಿತರ ಮೇಲೆ ನನಗೆ ನಂಬಿಕೆಯಿಲ್ಲ. ಆದರೆ ಅವರು ಮಾರುತ್ತಿರುವ ಉಪಾಯ ಗಟ್ಟಿಯಾದದ್ದು. ಅದಕ್ಕೆ ಕಂಪ್ಯೂಟರೇ ಬೇಕಿಲ್ಲ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ 1950ರ ದಶಕದಿಂದ ಚೀಟಿ ಬರೆಯುತ್ತ ಹೋದರು. ಕೊನೆಗೆ ಸುಮಾರು 90,000 ಆದವು. ಪ್ರತಿ ಚೀಟಿಗೂ ಎಂದೂ ಬದಲಾಗದ ನಂಬರು. 21/1 ಮತ್ತು 21/2ರ ನಡುವೆ ಹೊಸ ಯೋಚನೆ ಹುಟ್ಟಿದರೆ ಅದು 21/1ಎ. ಒಂದು ಚೀಟಿಯಲ್ಲಿ ಇನ್ನೊಂದರ ನಂಬರು ಬರೆದರೆ ಅದೇ ಕೊಂಡಿ. ಅಷ್ಟೇ ಯಂತ್ರ.

ಇದನ್ನು ಯಳಂದೂರಿನ ಕಾಡಿನಲ್ಲೇ ಪ್ರಯೋಗಿಸಿ ನೋಡೋಣ. ಮೊದಲ ಚೀಟಿ: 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು, ಅಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರು ಒಣ ಎಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿಗೆ ತಡೆ ಬಿತ್ತು. ಎರಡನೆಯದು: ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿ ಫಸಲು ಕುಗ್ಗುತ್ತಿದೆ. ಮೂರನೆಯದು: ಕಾಡಿನ ತಳವನ್ನೆಲ್ಲ ಲಂಟಾನ ಎಂಬ ಕಳೆ ಮುಚ್ಚಿದೆ. ವಿಷಯವಾರು ಫೈಲು ಮಾಡಿದರೆ ಮೊದಲನೆಯದು ಕಾನೂನಿಗೆ, ಎರಡನೆಯದು ಸಸ್ಯಶಾಸ್ತ್ರಕ್ಕೆ, ಮೂರನೆಯದು ಕಳೆಗೆ ಹೋಗುತ್ತದೆ. ಮೂರೂ ಒಂದರ ಮುಖ ಒಂದು ನೋಡುವುದೇ ಇಲ್ಲ. ಸೋಲಿಗರ ತಲೆಯಲ್ಲಿ ಮಾತ್ರ ಇವು ಬೇರೆಬೇರೆಯಲ್ಲ. ಬೇಸಿಗೆ ಬಲಿಯುವ ಮುಂಚೆ ಹಚ್ಚುತ್ತಿದ್ದ ಸಣ್ಣ ಬೆಂಕಿಯೇ ಉಪ್ಪಿಲನ್ನೂ ಲಂಟಾನವನ್ನೂ ಹತೋಟಿಯಲ್ಲಿಟ್ಟಿತ್ತು ಎನ್ನುತ್ತಾರೆ ಅವರು. ಏಟ್ರೀ ಸಂಸ್ಥೆಯ ಸಂಶೋಧಕರು ಇದನ್ನು ದಾಖಲಿಸಿದ್ದಾರೆ. 2010ರ ಹೊತ್ತಿಗೆ ಅದು ವಿಜ್ಞಾನ ಪತ್ರಿಕೆಗಳಿಗೂ ಬಂತು.

ಹಾಗಾಗಿ ಈ ಚೀಟಿಗಳಲ್ಲಿ ಒಂದರ ನಂಬರು ಇನ್ನೊಂದರಲ್ಲಿ ಬರೆಯಿರಿ. ಆದರೆ ಇಲ್ಲಿ ಎಚ್ಚರ ಬೇಕು. ಬರೀ ನಂಬರು ಹಾಕಿದರೆ ಆರು ತಿಂಗಳಲ್ಲಿ ಕೊಂಡಿ ಯಾಕೆ ಹಾಕಿದೆವೆಂಬುದೇ ಮರೆತುಹೋಗುತ್ತದೆ. ಪಕ್ಕದಲ್ಲಿ ಒಂದು ಸಾಲು ಬರೆಯಿರಿ: 'ಸೋಲಿಗರ ವಿವರಣೆ, ಬೆಂಕಿ ನಿಂತದ್ದೇ ಕಾರಣ'. ನಾಲ್ಕನೆಯ ಚೀಟಿ ಇದಕ್ಕೆ ಕೊಂಚ ಅಡ್ಡ ಬರುತ್ತದೆ: ಲಂಟಾನ ಒಮ್ಮೆ ದಟ್ಟವಾದರೆ ಬೆಂಕಿ ಉಗ್ರವಾಗಿ ಉರಿಯುತ್ತದೆ, ಆಮೇಲೆ ಲಂಟಾನವೇ ಬುಡದಿಂದ ಚಿಗುರುತ್ತದೆ. ಅಂದರೆ ಹಳೆಯ ಬೆಂಕಿಯನ್ನು ಇಂದು ಹಾಗೇ ಮರಳಿ ತರಲಾಗದು. ಆ ಕೊಂಡಿಯ ಪಕ್ಕ 'ಆದರೆ' ಎಂದಿರಲಿ. ಅಬ್ಸಿಡಿಯನ್ ಟಿಪ್ಪಣಿಗಳನ್ನು ಚುಕ್ಕಿಗಳಾಗಿಸಿ ಅವುಗಳ ನಡುವೆ ಎಳೆಯುವ ಚೆಂದದ ಗೆರೆಗಳಲ್ಲಿ 'ಆದ್ದರಿಂದ' ಯಾವುದು, 'ಆದರೆ' ಯಾವುದು ಎಂದು ಗೊತ್ತಾಗುವುದಿಲ್ಲ.

ಇನ್ನು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಹೆಣೆಯುತ್ತಾರೆ. ಆ ಚೀಟಿಗೆ ಮೂರನೆಯದರ ಕೆಳಗೆ ಜಾಗವಿದೆ: 3/1.