ಹೊಂಡದಲ್ಲಿ ಕಪ್ಪೆಚಿಪ್ಪಿದೆ, ಮರಿ ಯಾಕಿಲ್ಲ?



ಮೂರು ವರ್ಷದ ಹಿಂದೆ ನಮ್ಮೂರ ಕೆರೆಯಿಂದ ಎರಡು ಬಕೆಟ್ ಕಪ್ಪೆಚಿಪ್ಪು ತಂದು ನನ್ನ ಹೊಂಡಕ್ಕೆ ಬಿಟ್ಟಿದ್ದೆ. ಪ್ಲಾಸ್ಟಿಕ್ ಹಾಸದ ಮಣ್ಣಿನ ಹೊಂಡ ಅದು. ನೀರು ತಿಳಿಯಾಗುತ್ತೆ, ಮುಂದೆ ಮುತ್ತು ಕೃಷಿಯನ್ನೂ ನೋಡೋಣ ಅನ್ನೋ ಲೆಕ್ಕ. ನೀರೇನೋ ತಿಳಿಯಾಯ್ತು. ಆದರೆ ಈ ಬೇಸಿಗೆಯಲ್ಲಿ ಕೆಸರು ಕೆದಕಿದರೆ ಸಿಕ್ಕಿದ್ದೆಲ್ಲ ದೊಡ್ಡ ಹಳೇ ಚಿಪ್ಪುಗಳೇ; ಉಗುರಿನಷ್ಟು ಮರಿ ಒಂದೂ ಇಲ್ಲ. ಹುಡುಗರೆಲ್ಲ ಬೆಂಗಳೂರು ಸೇರಿ ಅಜ್ಜ-ಅಜ್ಜಿಯರೇ ಉಳಿದ ಊರಿನ ಹಾಗೆ.

ಎರಡನ್ನು ಬಿಡಿಸಿ ನೋಡಿದೆ. ಒಂದರಲ್ಲಿ, ಮೊಟ್ಟೆ ಇರಬೇಕಾದ ಜಾಗದ ತುಂಬಾ ಬಿಳಿ ನೂಲಿನಂಥ ಎಳೆಗಳು. ಪರಿಚಯದ ಮೀನುಗಾರಿಕೆ ಉಪನ್ಯಾಸಕರೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಚಪ್ಪಟೆ ಹುಳುವಿನ ಎಳೆಯ ಹಂತ ಅಂದರು. ಕುರಿಗೆ ಬಸವನಹುಳುವಿನಿಂದ ಬರೋ ಯಕೃತ್ತಿನ ಹುಳು ಗೊತ್ತಲ್ಲ, ಅದರ ದಾಯಾದಿ.

ಇಂಥ ಹುಳುಗಳನ್ನು ಫಿನ್ಲೆಂಡಿನಲ್ಲಿ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲಿನ ರಿಪಿಡೋಕೋಟೈಲಿ ಹುಳುವಿನ ಕುಟುಂಬದ ಹೆಸರಿಗೆ 'ಎತ್ತಿನ ತಲೆ' ಅಂತ ಅರ್ಥ. ಚಿಪ್ಪಿನಿಂದ ಹೊರಬರೋ ಮರಿಗೆ ಕೊಂಬಿನಂತೆ ಎರಡು ಉದ್ದ ಬಾಲ. ಹುಳು ಚಿಪ್ಪಿನೊಳಗೆ ಸೇರಿ ಸಂತಾನದ ಅಂಗದಲ್ಲೇ ಕವಲೊಡೆದು ಬೆಳೆಯುತ್ತೆ. ಚಿಪ್ಪು ತಕ್ಷಣ ಸಾಯಲ್ಲ, ಬೀಜ ಒಡೆದ ಎತ್ತಿನ ಹಾಗಾಗುತ್ತೆ. ಹೊರಬಂದ ಮರಿಗಳು ಗೆಂಡೆ ಜಾತಿಯ ಸಣ್ಣ ಮೀನಿಗೆ ಸೇರುತ್ತವೆ. ಆ ಮೀನನ್ನು ಬೇಟೆಮೀನು ತಿಂದರೆ ಅದರ ಹೊಟ್ಟೆಯಲ್ಲಿ ಹುಳು ದೊಡ್ಡದಾಗಿ, ಮೊಟ್ಟೆ ಮತ್ತೆ ನೀರಿಗೆ ಬೀಳುತ್ತೆ.

ನಾವು ಮೋಸ ಹೋಗೋದು ಎಲ್ಲಿ ಅಂದ್ರೆ, ಬರಡಾದ ಚಿಪ್ಪೂ ನೀರು ಸೋಸುತ್ತಲೇ ಇರುತ್ತೆ. ದೊಡ್ಡ ಚಿಪ್ಪೊಂದು ದಿನಕ್ಕೆ ಹತ್ತಾರು ಲೀಟರ್ ಸೋಸಿ ಪಾಚಿ ತಿನ್ನುತ್ತೆ. ಬೇಡವೆಂದು ಉಗುಳಿದ್ದು ತಳದ ಹುಳುಗಳಿಗೆ ಆಹಾರ, ಆ ಹುಳುಗಳು ಮೀನಿಗೆ. ಹಾಗಾಗಿ ಇವತ್ತು ಎಲ್ಲ ಸರಿಯಿದ್ದಂತೆ ಕಾಣುತ್ತೆ. ಹಳೇವು ಸತ್ತ ಮೇಲೆ ಆ ಕೆಲಸ ಮಾಡೋರು ಯಾರು?

ಆದರೆ ಎಲ್ಲ ತಪ್ಪನ್ನೂ ಹುಳುವಿನ ತಲೆಗೆ ಕಟ್ಟಂಗಿಲ್ಲ. ಬಿಡಿಸಿದ ಎರಡನೇ ಚಿಪ್ಪು ಆರೋಗ್ಯವಾಗಿತ್ತು. ಅದಕ್ಕೂ ಮರಿಯಾಗದಿದ್ದಕ್ಕೆ ಕಾರಣ ನಾನೇ, ಹೊಂಡಕ್ಕೆ ಮೀನು ಬಿಟ್ಟಿರಲಿಲ್ಲ. ಕಪ್ಪೆಚಿಪ್ಪಿನ ಮರಿಯೂ ಪರಾವಲಂಬಿ ಸ್ವಾಮಿ! ಗ್ಲೋಕಿಡಿಯಂ ಅನ್ನೋ ಆ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಇದ್ದು, ಆಮೇಲೆ ಉದುರಿ ಕೆಸರು ಸೇರುತ್ತೆ. ಮೀನು ಸಿಗದಿದ್ರೆ ಸಾಯುತ್ತೆ. ಒಂದಷ್ಟು ಮರಿ ಅಂಟಿದರೆ ಮೀನಿಗೆ ದೊಡ್ಡ ತೊಂದರೆಯೇನಿಲ್ಲ.

ಬಿಡಿಸಿದಾಗ ಕಿವಿರಿನ ಮೇಲೆ ಸಾಸಿವೆಗಿಂತ ಚಿಕ್ಕ ಚುಕ್ಕೆ ಓಡಾಡಿದರೆ ಅದು ನೀರಿನ ನುಸಿ. ನಾಲ್ಕಾರು ಇದ್ರೆ ತಲೆ ಕೆಡಿಸ್ಕೋಬೇಡಿ.

ಚಿಪ್ಪು ತರೋ ಮೊದಲು ಆ ಕೆರೆಯಲ್ಲಿ ಸಣ್ಣ, ದೊಡ್ಡ ಎರಡೂ ಇವೆಯಾ ನೋಡಿ, ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಬರೀ ದೊಡ್ಡವೇ ಇದ್ದರೆ ಬೇಡ. ನಾಲ್ಕು ಕೆರೆಯ ಚಿಪ್ಪನ್ನು ಒಂದೇ ಹೊಂಡಕ್ಕೆ ಸುರಿದರೆ ನಾಲ್ಕು ಕೆರೆಯ ಹುಳುವನ್ನೂ ತಂದಂಗೆ. ಒಳಗಿನ ಹುಳುವಿಗೆ ಅಂತ ನೀರಿಗೆ ಔಷಧಿ ಹಾಕಬೇಡಿ. ಪಾಚಿಗೆ ಅಂತ ಮೈಲುತುತ್ತವಂತೂ ಬೇಡವೇ ಬೇಡ, ಚಿಪ್ಪೇ ಸಾಯುತ್ತೆ.

ಈ ಮಳೆಗಾಲಕ್ಕೆ ನಾನು ಅದೇ ಕೆರೆಯ ಸಣ್ಣ ಮೀನುಗಳನ್ನು ಬಿಡ್ತಾ ಇದ್ದೀನಿ, ಬೇಟೆಮೀನು ಮಾತ್ರ ಬಿಡಲ್ಲ. ಮುಂದಿನ ಬೇಸಿಗೆಗೆ ಕೆಸರು ಕೆದಕಿ, ಏನು ಸಿಕ್ಕಿತು ಅಂತ ಇಲ್ಲೇ ಬರೀತೀನಿ.